ಅಂಪೈರ್ ಮಾವ ನೋಡಿದ ಬೇಸ್‌ಬಾಲ್ ಟೂರ್ನಮೆಂಟು

ನನ್ನ ಮಗ ಬೇಸ್‌ಬಾಲ್ ಆಡುವವನು, ಅವನ ಅಜ್ಜ, ಅಂದರೆ ನನ್ನ ಮಾವ, ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಕ್ರಿಕೆಟ್ ಅಂಪೈರ್ ಆಗಿದ್ದವರು. ಇಬ್ಬರೂ ಈ ಪರದೇಶದಲ್ಲಿ ಒಂದೇ ಮನೆಯಲ್ಲಿದ್ದರೆ ತಮಾಷೆಗಳು ನಡೆಯದೆ ಇನ್ನೇನು ನಡೆದೀತು? ಈ ಮೇ ತಿಂಗಳಲ್ಲಂತೂ ಸಾಲುಸಾಲಾಗಿ ನಡೆದವು. ಮಗನ ಕಾಲೇಜೂ ಸೇರಿದಂತೆ ಸುತ್ತಲಿನ ಕಾಲೇಜುಗಳದ್ದೊಂದು ಕಾನ್ಫರೆನ್ಸ್, ಅಂದರೆ ತಮ್ಮತಮ್ಮಲ್ಲೇ ಆಡುವ ಒಕ್ಕೂಟ, ಇದೆ. ಅದರ ಸೀಸನ್ ಕೊನೆಯ ಟೂರ್ನಮೆಂಟು ಹೇವರ್ಡ್ ಎಂಬ ಊರಿನಲ್ಲಿತ್ತು. ಮಗನಿಗಿದು ಕೊನೆಯ ವರ್ಷ. ನಾಲ್ಕು ವರ್ಷ ಬೆಂಚಿನ ಮೇಲೆ ಕೂತೇ ಕಳೆದಿದ್ದ. ಒಂದೇ ಒಂದು ಸಲ ಬ್ಯಾಟು ಹಿಡಿದು ನಿಲ್ಲಲಿ ಎಂದು ನಾನು ಕಂಡ ಕಂಡ ದೇವರಿಗೆಲ್ಲ ಕೈ ಮುಗಿದಿದ್ದೆ.

ಮೂರು ವಾರದ ಚೀಲ

ಮೊದಲ ದಿನ ಹೊರಡುವಾಗ ಮಾವ ದೊಡ್ಡ ಚೀಲ ಹಿಡಿದು ಬಂದರು. ಒಳಗೆ ಐದು ಬನಿಯನ್ನು, ಚಾದರ, ಬಿಪಿ ಗುಳಿಗೆ, ಹಚ್ಚಿದ ಅವಲಕ್ಕಿ.

"ಇದೇನು ಮಾವ?" ಎಂದೆ.

"ಟೆಸ್ಟ್ ಮ್ಯಾಚಿನ್ಯಾಗ ಎರಡೆರಡು ಇನ್ನಿಂಗ್ಸಿಗೆ ಐದು ದಿನ. ಇವರು ಒಂಬತ್ತೊಂಬತ್ತು ಆಡ್ತಾರಂತ. ನೀನ ಲೆಕ್ಕಾ ಹಾಕು."

ಮೂರು ಗಂಟೆಯಲ್ಲಿ ಮುಗಿಯುತ್ತದೆ ಎಂದು ನನ್ನ ಗಂಡ ಎಷ್ಟು ಹೇಳಿದರೂ ನಂಬಲಿಲ್ಲ. ಫ್ರೀವೇ ಹೆದ್ದಾರಿಗೆ ಬಂದರೆ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕಾರು ಅಲ್ಲಾಡಲಿಲ್ಲ. ಮಾವ ಅವಲಕ್ಕಿ ಡಬ್ಬಿ ಬಿಚ್ಚಿದರು.

"ಚೀಲಾ ತಂದಿದ್ದು ಛಲೋ ಆತು ನೋಡವಾ."

ಶೇಂಗಾ ಹೋಳಿಗೆ

ಆವತ್ತು ಹುಡುಗರಿಗೆಂದು ಶೇಂಗಾ ಹೋಳಿಗೆ ಒಯ್ದಿದ್ದೆ. ತಿಂದರು, ಗೆದ್ದರು. ಮರುದಿನ ಬೆಳಿಗ್ಗೆ ಕೋಚ್ ಫೋನು: ಅದೇ ತಿಂಡಿ, ಅದೇ ಡಬ್ಬಿ, ಅಷ್ಟೇ ಸಂಖ್ಯೆ ಬೇಕಂತೆ. ಗೆಲ್ಲುತ್ತಿರುವಾಗ ಏನನ್ನೂ ಬದಲಿಸಬಾರದಂತೆ. ಶಾರ್ಟ್‌ಸ್ಟಾಪ್ ಜಾಗದಲ್ಲಿ ಫೀಲ್ಡಿಂಗ್ ಮಾಡುವ ಹುಡುಗನಂತೂ ಕಾಲುಚೀಲವನ್ನೂ ಒಗೆದಿರಲಿಲ್ಲ.

ರಾಹುಕಾಲ ನೋಡುವವರನ್ನು ಜೀವನವಿಡೀ ಗೇಲಿ ಮಾಡಿದ ನನ್ನ ಗಂಡ ಸುಮ್ಮನೆ ಎದ್ದು ಹೋಗಿ ಶೇಂಗಾ ಹುರಿಯತೊಡಗಿದರು. ನೋಡಿದರೆ ನಿನ್ನೆಯ ಶರ್ಟೇ ಹಾಕಿಕೊಂಡಿದ್ದರು!

ಚಾಕೊಲೇಟು

ಎರಡನೇ ಮ್ಯಾಚಿನಲ್ಲಿ ಒಂದು ಫೌಲ್ ಬಾಲ್, ಅಂದರೆ ಬ್ಯಾಟಿಗೆ ತಾಗಿ ಗೆರೆಯಾಚೆ ಹಾರಿದ ಚೆಂಡು, ನೇರ ಮಾವನ ಮಡಿಲಿಗೇ ಬಿತ್ತು. ಸುತ್ತಲಿನವರೆಲ್ಲ ಕುಣಿದರು. ಮಾವ ಕುಣಿಯಲಿಲ್ಲ. ಚೆಂಡನ್ನು ತಿರುಗಿಸಿ ತಿರುಗಿಸಿ ಹೊಲಿಗೆ ಪರೀಕ್ಷಿಸಿ, "ಆಕಾರ ಸರಿ ಐತಿ, ಆಡ್ರಿ" ಎಂದು ಮೈದಾನಕ್ಕೆ ಎಸೆದರು.

ಚೆಂಡು ಹಿಂದಿರುಗಿಸಿದವರಿಗೆ ಆ ಮೈದಾನದಲ್ಲಿ ಒಂದು ಚಾಕೊಲೇಟು ಕೊಡುತ್ತಾರೆ. ಕೊಡಲು ಬಂದ ಹುಡುಗಿಗೆ ಮಾವ ಕೈ ಅಡ್ಡ ಹಿಡಿದರು. "ಅಂಪೈರ್ ಆದಾಂವ ಯಾರ ಕಡೆಯಿಂದನೂ ಏನೂ ತಗೊಳ್ಳೂದಿಲ್ಲ." ಮೊಮ್ಮಗನ ತಂಡ ರನ್ ಹೊಡೆದರೂ ಅವರು ಚಪ್ಪಾಳೆ ತಟ್ಟುತ್ತಿರಲಿಲ್ಲ. ಪಕ್ಷಪಾತ ಆಗುತ್ತದಲ್ಲ!

ಆ ಚಾಕೊಲೇಟನ್ನು ನಾನೇ ತಿಂದೆ. ನಾನೇನು ಅಂಪೈರ್ ಅಲ್ಲ.

ಔಟ್

ಫೈನಲ್. ಕೊನೆಯ ಇನ್ನಿಂಗ್ಸು, ಎರಡೂ ಕಡೆ ಸ್ಕೋರು ಸಮ. ರನ್ನಿಗಾಗಿ ಸಾಲಾಗಿ ಮುಟ್ಟಬೇಕಾದ ಮೂರೂ ಬೇಸ್‌ಗಳಲ್ಲಿ ನಮ್ಮ ಹುಡುಗರು ನಿಂತಿದ್ದಾರೆ. ಆಗ ಕೋಚ್ ಬೆಂಚಿನ ಕಡೆ ತಿರುಗಿ ನನ್ನ ಮಗನನ್ನು ಕರೆದರು. ನಾನು ಮತ್ತೆ ಕೈ ಮುಗಿದೆ.

ಮೊದಲ ಚೆಂಡು ಬಿಟ್ಟ. ಎರಡನೆಯದು ಸುಯ್ಯೆಂದು ಬಂದು ಮೊಣಕಾಲಿಗೆ ಬಡಿಯಿತು. ಮಗ ಇದ್ದಲ್ಲೇ ಕುಸಿದ.

ಮಾವ ಎದ್ದು ನಿಂತರು. ನಿಧಾನವಾಗಿ ತೋರುಬೆರಳು ಮೇಲೆತ್ತಿದರು. ಎಲ್‌ಬಿಡಬ್ಲ್ಯೂ!

"ಮಾವ, ಅವನು ನಿಮ್ಮ ಮೊಮ್ಮಗ!" ಎಂದು ಕೂಗಿದೆ.

"ಮೊಮ್ಮಗಾ ಇದ್ರೇನು? ಔಟ್ ಅಂದ್ರ ಔಟ್."

ಅಷ್ಟರಲ್ಲಿ ಮೈದಾನವೇ ಎದ್ದು ಕುಣಿಯತೊಡಗಿತ್ತು. ಇಲ್ಲಿ ಚೆಂಡು ಬಡಿದವನಿಗೆ ಮೊದಲ ಬೇಸ್ ಪುಕ್ಕಟೆ. ಮುಂದಿದ್ದವರೆಲ್ಲ ಒಂದೊಂದು ಬೇಸ್ ಮುಂದಕ್ಕೆ ಹೋಗಬೇಕು. ಮೂರನೆಯದರಲ್ಲಿದ್ದವನು ಹೊರಟ ಜಾಗವಾದ 'ಹೋಮ್' ಸೇರಿ ರನ್ ಆಯಿತು, ನಾವು ಗೆದ್ದೆವು ಎಂದು ನನ್ನ ಗಂಡ ತೊದಲುತ್ತ ವಿವರಿಸಿದರು. ನಮ್ಮ ಹಿಂದಿದ್ದ ಜನ ಮಾವನನ್ನು ನೋಡಿ ತಾವೂ ತೋರುಬೆರಳು ಎತ್ತಿದರು. ಇವರಲ್ಲಿ ಹಾಗೆಂದರೆ ನಾವೇ ನಂಬರ್ ಒನ್ ಎಂದು. ಒಂದು ನಿಮಿಷದಲ್ಲಿ ಇಡೀ ಸ್ಟ್ಯಾಂಡಿನ ಬೆರಳು ಆಕಾಶದಲ್ಲಿತ್ತು.

ಮಾವ ತಿರುಗಿ ನೋಡಿದರು. "ನೋಡವಾ, ನಾ ಒಬ್ಬನ ಅಲ್ಲ. ಎಲ್ಲಾರೂ ಔಟ್ ಕೊಟ್ಟಾರ!"

ಆಮೇಲೆ ಮಗ ಕುಂಟುತ್ತ ನಮ್ಮ ಹತ್ತಿರ ಬಂದ. ತಂಡದವರು ಕೊಟ್ಟಿದ್ದ, ಮೊಣಕಾಲಿಗೆ ಬಡಿದ ಆ ಚೆಂಡನ್ನು "ಫಾರ್ ಯೂ, ಅಜ್ಜಾ" ಎಂದು ಮುಂದೆ ಹಿಡಿದ. ನನಗೆ ಹೆಮ್ಮೆಯಿಂದ ಕಣ್ಣು ತುಂಬಿ ಬಂತು. ಆದರೆ ಮಾವ ತಗೊಳ್ಳುವವರಲ್ಲವಲ್ಲ!

ಅವರು ಎರಡೂ ಕೈ ಚಾಚಿ ಚೆಂಡು ಇಸಿದುಕೊಂಡರು. "ಮ್ಯಾಚ್ ಮುಗೀತು. ಈಗ ನಾ ಬರೇ ಅಜ್ಜ" ಎಂದರು. ಚೆಂಡು ಬರುವುದು ಕಂಡರೂ ಹುಡುಗ ಒಂದು ಹೆಜ್ಜೆ ಸರಿಯಲಿಲ್ಲ ಎಂದು ಅಕ್ಕಪಕ್ಕದವರಿಗೆಲ್ಲ ಕನ್ನಡದಲ್ಲೇ ಹೇಳಿದರು. ಮೂರು ದಿನಗಳಲ್ಲಿ ಮೊದಲ ಸಲ ಚಪ್ಪಾಳೆಯನ್ನೂ ತಟ್ಟಿದರು.

ಆಮೇಲೆ ಚೆಂಡನ್ನು ಬನಿಯನ್ನಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಮೊಮ್ಮಗನ ಕಿವಿಯ ಹತ್ತಿರ ಬಗ್ಗಿದರು.

"ಆದ್ರೂ ನೀ ಔಟ್."