ಬಂಡಿಯಲ್ಲಿ ಹೂಡಿದ ಬಿಡಾರ

ನಿಜಾಮರ ಸೀಮೆಯಲ್ಲಿ ಯಾರ ಹಂಗೂ ಇಲ್ಲದೆ ಬದುಕಬಲ್ಲ ಗಂಡಸರು ಇಬ್ಬರೇ. ಒಬ್ಬರು ಹೈದರಾಬಾದಿನಲ್ಲಿ ಸಿಂಹಾಸನದ ಮೇಲಿದ್ದರು, ಇನ್ನೊಬ್ಬ ಕೊಪ್ಪಳದಲ್ಲಿದ್ದ ನಾನು.

೧೯೩೯ರ ದೀಪಾವಳಿ ಮುಗಿದ ವಾರ ಅಳವಂಡಿಯಿಂದ ನಾದಿನಿಯ ಕುಬಸಕ್ಕೆ ಕರೆ ಬಂತು. ಚೊಚ್ಚಲ ಬಸುರಿಯ ಕಾರ್ಯ. ಆದರೆ ಮಾವ ಅಮರಪ್ಪನವರು ತಾವು ಬರಲಿಲ್ಲ. ಸಂತೆಗೆ ಬಂದ ಶಾಮೀದಸಾಬನ ಬಾಯಲ್ಲಿ ಹೇಳಿಕಳಿಸಿದರು! ಮಾವ ಖುದ್ದಾಗಿ ಬಂದು ಕರೆಯದ ಮನೆಯ ಹೊಸ್ತಿಲನ್ನು ಅಳಿಯನಾದವನು ತುಳಿದರೆ ಮರ್ಯಾದೆ ಉಳಿಯುವುದಿಲ್ಲ. ನನ್ನ ಮರ್ಯಾದೆಯೋ, ಆಗ ಕೊಪ್ಪಳದ ಕೋಟೆಗಿಂತ ಎರಡು ಮೊಳ ಎತ್ತರವಿತ್ತು.

“ತಂಗಿ ಕುಬಸರಿ. ನಾ ಹೋಗಾಕೀನ” ಎಂದಳು ಹೆಂಡತಿ ವಿರೂಪಾಕ್ಷಮ್ಮ.

“ಹೋಗೋಣು. ನೀ ತವರಮನ್ಯಾಗ ಇರು. ನಾ ಊರ ಹೊರಗ ಬಂಡ್ಯಾಗ ಮೂರು ದಿನ ಇರ್ತೀನಿ. ನಿಮ್ಮಪ್ಪನ ಮನಿ ನೀರೂ ಬ್ಯಾಡ, ಬೆಂಕಿನೂ ಬ್ಯಾಡ!”

ಕಮಾನು ಹೊದಿಸಿದ ಸವಾರಿ ಬಂಡಿಯನ್ನು ಅರಮನೆ ಮಾಡಿದೆ. ಮುಂದೆ ಗಾದಿ, ಲೋಡು. ಹಿಂದೆ ಆನೆ ಈಜಬಹುದಾದ ನೀರಿನ ಹರವಿ, ಮಣ್ಣಿನ ಒಲೆ, ಕಟ್ಟಿಗೆ, ಜೋಳದ ಹಿಟ್ಟಿನ ಚೀಲ. ಹಿಟ್ಟು ತೀರಿದರೆ ಇರಲಿ ಎಂದು ಬೀಸುವ ಕಲ್ಲು.

“ಹಿಂದ ಭಾಳ ಭಾರ ಆತ್ರಿ. ಎತ್ತು ಬಿಚ್ಚಿದ ಮ್ಯಾಲೆ...”

“ಬಂಡಿ ವಿಷಯ ನನಗ ಕಲಿಸಬ್ಯಾಡ.”

ಅವಳು ಕಲಿಸಲಿಲ್ಲ.

ಅಳವಂಡಿಯ ಹೊರಗೆ ಬೇವಿನ ಮರದಡಿ ನಿಲ್ಲಿಸಿದೆವು. ಅವಳು ಇಳಿದಳು. ದೊರೆ ಗಾದಿ ಬಿಟ್ಟು ಇಳಿಯುವುದುಂಟೆ? ಕುಳಿತಲ್ಲಿಂದಲೇ ಬಾಗಿ ಎತ್ತುಗಳ ಕೊರಳ ಹಗ್ಗ ಬಿಚ್ಚಿದೆ. ಎತ್ತು ಮುಂದೆ ಸರಿದವು. ನೊಗ ಸೀದಾ ಮುಗಿಲಿಗೆ ಹೋಯಿತು. ಗಾದಿ, ಲೋಡು, ನಾನು ಒಟ್ಟಿಗೆ ಹಿಂದಕ್ಕೆ ಜಾರಿದೆವು. ಹರವಿ ಒಡೆಯಿತು. ನೀರು ಹಿಟ್ಟನ್ನು ಸೇರಿತು, ನಾನು ಎರಡನ್ನೂ ಸೇರಿದೆ. ಕಡ್ಡಿಪೆಟ್ಟಿಗೆ ತೇಲಿಹೋಯಿತು. ಇಡೀ ಅಳವಂಡಿಗೆ ಸಾಲುವಷ್ಟು ಹಿಟ್ಟು ನನ್ನ ಬೆನ್ನಡಿಯಲ್ಲಿ ನಾದಿಕೊಂಡು ತಯಾರಾಯಿತು. ಬೀಸುವ ಕಲ್ಲು ನನ್ನ ಧೋತರದ ಮೇಲೆ ಪ್ರತಿಷ್ಠಾಪನೆಗೊಂಡಿತು. ಹೊರಬರುವುದಾದರೆ ನಾನೊಬ್ಬನೇ ಬರಬೇಕು, ಧೋತರ ಬರುವಂತಿರಲಿಲ್ಲ.

“ಅಪ್ಪನ್ನ ಕರ್ಕೊಂಡು ಬರ್ಲೇನ್ರಿ?”

“ಬ್ಯಾಡ! ಮರ್ಯಾದಿ ಪ್ರಶ್ನೆ ಐತಿ.”

“ಈಗ ಅದು ಯಾವ ಕಡೆ ಐತ್ರಿ, ಮ್ಯಾಲೋ ಕೆಳಗೋ?” ಎಂದವಳು ಹೊರಟೇಬಿಟ್ಟಳು.

ಮಾವ ಬಂದರು. ಅವರ ಹಿಂದೆ ಕುಬಸದ ಹೆಂಗಸರೆಲ್ಲ, ಆರತಿ ತಟ್ಟೆ ಸಮೇತ. ಬಿದ್ದಲ್ಲಿಂದ ನನಗೆ ಎಲ್ಲರೂ ತಲೆಕೆಳಗಾಗಿಯೇ ಕಂಡರು. ಮಾವ ಒಂದಿಷ್ಟೂ ನಗದೆ ಕೈಮುಗಿದರು.

“ಅಳಿಯಂದ್ರ, ಖುದ್ದ ಕರ್ಯಾಕ ಬಂದೀನ್ರಿ. ಮನಿಗೆ ಬರ್ರಿ.”

ಗೆದ್ದೆ! ಆದರೆ ಕೂಡಲೇ ಒಪ್ಪಿದರೆ ಗತ್ತು ಎಲ್ಲಿ ಉಳಿಯಿತು? “ವಿಚಾರ ಮಾಡಿ ಹೇಳ್ತೀನ್ರಿ” ಎಂದೆ.

“ಆಗ್ಲಿ, ಸಾವಕಾಶ ಮಾಡ್ರಿ. ನಾವು ಉಂಡು ಬರ್ತೀವಿ.” ಮೆರವಣಿಗೆ ತಿರುಗಿತು.

“ಮಾವಾರ! ವಿಚಾರ ಮುಗೀತ್ರಿ!”

ನಾಲ್ವರು ಹಗ್ಗ ಹಾಕಿ ನೊಗವನ್ನು ಕೆಳಗೆಳೆದರು. ಇನ್ನಿಬ್ಬರು ಕಲ್ಲು ಎತ್ತಿದರು. ಧೋತರ ಸಮೇತ ಹೊರಬಂದೆ. ಮೈಗೆ ಮೆತ್ತಿದ ಹಿಟ್ಟನ್ನು ಕೆರೆಯುತ್ತ, ಅಳಿದುಳಿದ ಗತ್ತನ್ನೆಲ್ಲ ಒಟ್ಟು ಮಾಡಿ ಕೇಳಿದೆ: “ಈ ಮಾತು ಕೊಪ್ಪಳಕ್ಕ ಬಂದು ಹೇಳಿದ್ರ ನಿಮಗೇನು ಕಡಿಮಿ ಆಗ್ತಿತ್ರಿ?”

ಮಾವ ಗಾಲಿಯನ್ನು ಮೆಲ್ಲಗೆ ಸವರಿದರು.

“ಬರಾಂವ ಇದ್ನಿರಿ. ಆದ್ರ ಯುಗಾದಿಗೆ ಒಂದ ದಿನಕ್ಕಂತ ನೀವು ಒಯ್ದ ನಮ್ಮ ಬಂಡಿ, ವಾಪಸ್ ಬಂದದ್ದು ಇವತ್ತರೀ.”