ಉಪಾಧ್ಯಕ್ಷರ ಸ್ಟೂಲು

ಅಮೆರಿಕದ ಇತಿಹಾಸದಲ್ಲಿ ಆಗಿಹೋದ ತಪ್ಪುಗಳನ್ನು ತಿದ್ದಲು ಆ ದೇಶ ಯಾರನ್ನಾದರೂ ನೇಮಿಸಿಕೊಂಡಿದ್ದರೆ ಅದು ನಮ್ಮ ಭಾವನನ್ನೇ ಇರಬೇಕು. ಸಂಬಳ ಒಂದು ಕೊಡುತ್ತಿಲ್ಲ, ಅಷ್ಟೆ! ನಾವಿರುವ ಅಮೆರಿಕದ ಕೆಂಟ್ ಊರಿನಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಕಾರ್ಖಾನೆಯ ಎಂಜಿನಿಯರ್ ಕೆಲಸ ಅವರ ಹೊಟ್ಟೆಪಾಡು. ನಿಜವಾದ ಕಸುಬು, ‘ಹಾಗಾಗದೆ ಹೀಗಾಗಿದ್ದರೆ?’ ಎಂದು ಕೇಳುವುದು.

ಒಮ್ಮೆ ಟಕ್ವಿಲಾದ ಮಾಲ್‌ಗೆ ಹೊರಟಿದ್ದೆವು. ಭಾವ ಕಾರು ಓಡಿಸುತ್ತ, “ಆವತ್ತು ಆ ಅಧ್ಯಕ್ಷ ನಾಟಕ ನೋಡಕ್ಕೆ ಹೋಗ್ದೆ ಮನೇಲೇ ಊಟ ಮಾಡಿ ಮಲ್ಕೊಂಡಿದ್ರೆ ಗುಂಡು ತಗುಲ್ತಿತ್ತೇನೋ?” ಎಂದು ಶುರು ಮಾಡಿದರು. ಆ ಅಧ್ಯಕ್ಷ ಊಟ ಮಾಡಿ ಮಲಗುವಷ್ಟರಲ್ಲಿ ನಾವು ಮಾಲ್ ದಾಟಿ, ಕೆರೆಯ ನಡುವಿನ ಮರ್ಸರ್ ಐಲ್ಯಾಂಡ್ ಮುಟ್ಟಿದ್ದೆವು.

“ಭಾವ, ಎಕ್ಸಿಟ್ ಮಿಸ್ ಆಯ್ತು.”

“ಮಿಸ್ ಅಲ್ಲ ಕಣೋ, ಇದು ಪರ್ಯಾಯ ಇತಿಹಾಸ!”

ಪರ್ಯಾಯ ಇತಿಹಾಸದಲ್ಲಿ ಮಾಲ್ ಇರುವುದಿಲ್ಲವಂತೆ. ಕೆರೆ ನೋಡಿಕೊಂಡು ಬರಿಗೈಯಲ್ಲಿ ವಾಪಸಾದೆವು.

ವಿಮಾನದಲ್ಲಿ ಒಂದು ಯಂತ್ರ ಕೆಟ್ಟರೆ ಇನ್ನೊಂದು ಸಿದ್ಧವಾಗಿರಬೇಕಲ್ಲ, ಅದೇ ನಿಯಮ ಅವರ ಮನೆಯಲ್ಲೂ. ಉಪಮಿಕ್ಸಿ ಇದೆ, ಉಪಕುಕ್ಕರ್ ಇದೆ. ಸತ್ಯನಾರಾಯಣ ಪೂಜೆಗೆ ಇಬ್ಬರು ಪುರೋಹಿತರನ್ನು ಕರೆಸಿ, ಎರಡನೆಯವರನ್ನು ‘ಉಪಪುರೋಹಿತರು’ ಎಂದು ಸೋಫಾದ ಮೇಲೆ ಕೂರಿಸಿದ್ದರು. ಮೊದಲನೆಯವರು ಕೆಮ್ಮಿದಾಗಲೆಲ್ಲ ಎರಡನೆಯವರು ಪಂಚೆ ಸರಿಮಾಡಿಕೊಂಡು ಎದ್ದು ನಿಲ್ಲುವುದು! ಪಾಪ, ಮೊದಲನೆಯವರು ಕೊನೆಗೆ ಕೆಮ್ಮು ಬಂದರೂ ನುಂಗಿಕೊಂಡೇ ಕಥೆ ಮುಗಿಸಿದರು.

ಇಂಥವರ ಕೈಗೆ ನಮ್ಮ ಕನ್ನಡ ಸಂಘ ಈ ಸಲದ ಯುಗಾದಿ ನಾಟಕವನ್ನು ಕೊಟ್ಟಿತು. ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ಭಾವ ಒಂದೇ ವಾರದಲ್ಲಿ ಬರೆದು ತಂದರು. ಅಮೆರಿಕದ ಅಧ್ಯಕ್ಷ ಗುಂಡೇಟಿಗೆ ಬಲಿಯಾಗುತ್ತಾನೆ, ಉಪಾಧ್ಯಕ್ಷ ಅಧಿಕಾರಕ್ಕೆ ಬರುತ್ತಾನೆ. ಇದರಲ್ಲಿ ಹೊಸದೇನು ಎನ್ನುತ್ತೀರಾ? ಈ ಉಪಾಧ್ಯಕ್ಷ ಸತ್ತವನ ಕುರ್ಚಿಯಲ್ಲಿ ಕೂರುವುದೇ ಇಲ್ಲ. ಪಕ್ಕದಲ್ಲಿ ಒಂದು ಸ್ಟೂಲು ಎಳೆದುಕೊಂಡು, ಅದರ ಮೇಲೇ ಕೂತು ದೇಶ ಆಳುತ್ತಾನೆ.

“ಇದ್ಯಾವ ದೇಶದ ಇತಿಹಾಸ ಭಾವ?” ಎಂದೆ.

“ಯೋಚನೆ ಮಾಡೋ. ದೇಶಾನೇ ಅಳ್ತಿರೋವಾಗ ಬಂದು ಕೂರೋನ ಗತಿ ಏನು? ಒಳ್ಳೇದು ಮಾಡಿದ್ರೆ, ‘ಅವರಿದ್ದಿದ್ರೆ ಇನ್ನೂ ಚೆನ್ನಾಗಿ ಮಾಡ್ತಿದ್ರು’. ಕೆಟ್ಟದ್ದಾದ್ರೆ, ‘ಅವರಿದ್ದಿದ್ರೆ ಹಿಂಗಾಗ್ತಿರ್ಲಿಲ್ಲ’. ಸ್ಟೂಲೇ ವಾಸಿ.”

ಉಪಾಧ್ಯಕ್ಷ ಯಾರು? ಸ್ವತಃ ಭಾವ. ಅಧ್ಯಕ್ಷ ನಾನು. “ನಿನಗೆ ಜಾಸ್ತಿ ಡೈಲಾಗ್ ಇಲ್ಲ, ಬರೀ ಸಾಯೋದು. ಅದನ್ನಾದ್ರೂ ನೆಟ್ಟಗೆ ಮಾಡು” ಎಂದರು.

ಎಲ್ಲವೂ ಸುಸೂತ್ರವಾಗಿತ್ತು, ನನ್ನ ಹೆಂಡತಿಗೆ ವಿಷಯ ತಿಳಿಯುವ ತನಕ. ನಾಟಕದಲ್ಲಿ ಸತ್ತ ಅಧ್ಯಕ್ಷನ ಫೋಟೋಗೆ ಹಾರ ಹಾಕುವ ದೃಶ್ಯವಿತ್ತು. ಫೋಟೋ ನನ್ನದು!

“ಬದುಕಿರೋ ಗಂಡನ ಫೋಟೋಗೆ ಹಾರಾನಾ? ಅದೂ ಯುಗಾದಿ ದಿನ? ಬೇವು-ಬೆಲ್ಲ ಕೊಟ್ಟು, ಹೊಸ ವರ್ಷ ಒಳ್ಳೇದಾಗಲಿ ಅಂದು, ಆಮೇಲೆ ಢಂ ಅಂತ ಹೊಡೀತೀರಾ? ನಾಚಿಕೆ ಆಗಲ್ವಾ ನಿಮಗೆಲ್ಲ!”

ಸಂಘದಲ್ಲಿ ತುರ್ತುಸಭೆ ಸೇರಿತು. ಗುಂಡು ಕೈಗೆ ತಾಗಲಿ ಎಂದರು ಒಬ್ಬರು. ಅಧ್ಯಕ್ಷರು ವೈರಾಗ್ಯ ಬಂದು ಕಾಶಿಗೆ ಹೋಗಲಿ ಎಂದರು ಖಜಾಂಚಿ. ಭಾವ ಕೆರಳಿದರು. “ಅಧ್ಯಕ್ಷ ಸಾಯ್ದೆ ಇದ್ರೆ ಉಪಾಧ್ಯಕ್ಷ ಏನ್ ಮಾಡಬೇಕ್ರೀ? ಕಾಫಿ ಸೋಸಬೇಕಾ?” ಕೊನೆಗೆ ನನ್ನ ಹೆಂಡತಿಯೇ ಇಳಿದು ಬಂದಳು. ನಾನು ಸಾಯಬಹುದು, ಆದರೆ ಫೋಟೋಗೆ ಹಾರ ಕೂಡದು.

ಭಾವ ಆಗ ಮೆತ್ತಗೆ, “ಆಯ್ತಮ್ಮ. ಫೋಟೋ ಬೇಡ, ಖಾಲಿ ಕುರ್ಚಿ ಸಾಕು” ಎಂದರು. ಅಷ್ಟು ಸುಲಭವಾಗಿ ಅವರು ಯಾವುದಕ್ಕೂ ಒಪ್ಪಿದವರಲ್ಲ.

ಇಲ್ಲೊಂದು ಮಾತು ಹೇಳಬೇಕು. ಭಾವ ನಮ್ಮ ಅಕ್ಕನ ಎರಡನೆಯ ಗಂಡ. ಮೊದಲ ಭಾವ ತೀರಿಕೊಂಡಾಗ ಅವರ ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು. ಅವರ ಫೋಟೋ ಈಗಲೂ ಅಕ್ಕನ ಮನೆಯ ಹಾಲ್‌ನಲ್ಲಿದೆ. ಅದರ ಧೂಳು ಒರೆಸಿ, ಹಾರ ಬದಲಿಸುವುದು ಈ ಭಾವನೇ. ಹುಡುಗಿಯನ್ನು ಈಜಿಗೆ, ಪಿಯಾನೊಗೆ, ಜ್ವರ ಬಂದಾಗ ಆಸ್ಪತ್ರೆಗೆ ಹೊತ್ತು ತಿರುಗಿದವರೂ ಇವರೇ. ಆದರೂ ತಮ್ಮನ್ನು ‘ಅಂಕಲ್’ ಎಂದೇ ಕರೆಯಲು ಅವಳಿಗೆ ಹೇಳಿಕೊಟ್ಟರು. “ಅಪ್ಪ ಫೋಟೋದಲ್ಲಿದಾರೆ. ನಾನು ಅವರ ಕೆಲಸ ನೋಡ್ಕೊಳ್ತಿರೋನು ಅಷ್ಟೆ” ಎಂದು.

“ಈ ಮನೆಗೆ ಬಂದು ಎಷ್ಟೋ ವರ್ಷ ಆಯ್ತು, ಇನ್ನೂ ಗೆಸ್ಟ್ ಥರಾನೇ ಇದಾರೆ” ಎಂದು ಅಕ್ಕ ಒಮ್ಮೆ ನನ್ನ ಹತ್ತಿರ ಅತ್ತಿದ್ದಳು. “ಇವಳು ಕಾಲೇಜಿಗೆ ಅಂತ ಹೊರಟುಬಿಟ್ರೆ, ತನ್ನ ಡ್ಯೂಟಿ ಮುಗೀತು ಅನ್ಕೊಂಡುಬಿಡ್ತಾರೇನೋ.” ಈ ಶರತ್ಕಾಲಕ್ಕೆ ಅವಳು ಹೊರಡುವವಳಿದ್ದಳು. ನಾಟಕದಲ್ಲಿ ಪ್ರಮಾಣವಚನ ಬೋಧಿಸುವ ನ್ಯಾಯಾಧೀಶೆಯ ಪಾತ್ರ ಅವಳದೇ. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿಗೆ ಭಾವ ಮುದ್ದಾಂ ಒಂದೇ ಸಾಲು ಬರೆದಿದ್ದರು.

ಯುಗಾದಿ ಬಂತು. ನಾವು ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣದಲ್ಲಿ ಆಟಿಕೆ ಬಂದೂಕೂ ನಿಷಿದ್ಧ. ಹಾಗಾದರೆ ಗುಂಡಿನ ಸದ್ದು? ತೆರೆಯ ಹಿಂದೆ ಈಡುಗಾಯಿ! ಇಡೀ ಪ್ರಪಂಚದಲ್ಲಿ ತೆಂಗಿನಕಾಯಿಯಿಂದ ಹತನಾದ ಅಧ್ಯಕ್ಷ ನಾನೊಬ್ಬನೇ ಇರಬೇಕು. ಮೊದಲ ಏಟಿಗೆ ನಾನು ಬಿದ್ದೆ, ಕಾಯಿ ಒಡೆಯಲಿಲ್ಲ. ಇನ್ನೊಮ್ಮೆ ಕುಟ್ಟಿದ ಸದ್ದು ಬಂತು, ಎದ್ದು ಮತ್ತೆ ಬಿದ್ದೆ. ಮೂರನೆಯದಕ್ಕೆ ಕಾಯಿ ಎರಡು ಹೋಳಾಯಿತು, ನಾನೂ ಮತ್ತೆ ಎದ್ದು ಬಿದ್ದು ಕೊನೆಗೂ ಸತ್ತೆ. ಹಿಂದಿನ ಸಾಲಿನಿಂದ ಯಾರೋ ಪುಣ್ಯಾತ್ಮ, “ಒನ್ಸ್ ಮೋರ್!” ಎಂದು ಕೂಗಿದ. ನನ್ನ ಹೆಂಡತಿ ತಿರುಗಿ ನೋಡಿದ ನೋಟಕ್ಕೆ ಅವನು ಉಳಿದದ್ದೇ ಹೆಚ್ಚು.

ಇನ್ನು ಪ್ರಮಾಣವಚನ. ಹುಡುಗಿ ಕಪ್ಪು ಗೌನು ತೊಟ್ಟು ಬಂದು, ತನ್ನ ಒಂದು ಸಾಲನ್ನು ತಪ್ಪಿಲ್ಲದೆ ಒಪ್ಪಿಸಿದಳು. ಭಾವ ಎದೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಿ, ಖಾಲಿ ಕುರ್ಚಿಗೆ ನಮಸ್ಕರಿಸಿ, ಪಕ್ಕದ ಸ್ಟೂಲಿಗೆ ಕೈ ಹಾಕಿದರು. ಅವಳು ಆ ಸ್ಟೂಲನ್ನು ಎತ್ತಿಕೊಂಡು ಹೋಗಿ ತೆರೆಯ ಹಿಂದೆ ಇಟ್ಟು ಬಂದಳು!

“ಏನಮ್ಮ ಇದು? ಸ್ಕ್ರಿಪ್ಟ್‌ನಲ್ಲಿ ಇಲ್ವಲ್ಲ” ಎಂದು ಭಾವ ಪಿಸುಗುಟ್ಟಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಜನ ಗೊಳ್ಳೆಂದರು.

ಅವಳು ನಗಲಿಲ್ಲ. ಒಂದೊಂದೇ ಪದ ಹುಡುಕುತ್ತ ಕನ್ನಡದಲ್ಲೇ ಹೇಳಿದಳು. “ಅಪ್ಪ ಬೇಜಾರ್ ಮಾಡ್ಕೊಳಲ್ಲ. ಎಲ್ಲಾ ಕೆಲಸ ಮಾಡಿದ್ದು ನೀವು. ಈ ಚೇರ್ ನಿಮ್ಮದೂನೂ. ಕೂತ್ಕೊಳ್ಳಿ, ಪ್ಲೀಸ್.”

ಯಾರು ಒಂದಕ್ಷರ ತಪ್ಪಿದರೂ ಮೈಮೇಲೆ ಬೀಳುತ್ತಿದ್ದ ಭಾವ ಒಮ್ಮೆ ಅವಳನ್ನು ನೋಡಿದರು. ಮುಂದಿನ ಸಾಲಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದ ಅಕ್ಕನನ್ನು ನೋಡಿದರು. ಆಮೇಲೆ ಕುರ್ಚಿಯ ಅಂಚಿನಲ್ಲಿ ಮೆಲ್ಲಗೆ ಕೂತು, ಸ್ವಲ್ಪ ಹೊತ್ತಾದ ಮೇಲೆ ಬೆನ್ನು ಒರಗಿಸಿದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಎಂಥ ನಟನೆ ಎಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನನಗೂ ಕಣ್ಣು ತುಂಬಿ ಬಂದಿತ್ತು. ಆದರೆ ಏನು ಮಾಡಲಿ, ಸತ್ತು ಬಿದ್ದವನು ಕಣ್ಣೊರೆಸಿಕೊಳ್ಳುವ ಹಾಗಿರಲಿಲ್ಲ.