ಮುನಿಲಕ್ಷ್ಮಮ್ಮನವರ ಮೂವತ್ತೆಂಟು ವರ್ಷ

ಉಳವಪ್ಪ ಜರ್ಮನಿಯ ಇಂಗೋಲ್‌ಸ್ಟಾಟ್‌ನಲ್ಲಿ ಕಾರಿನ ಬ್ರೇಕ್ ವಿಭಾಗದ ಎಂಜಿನಿಯರು. ಅಂಥವನೇ ಕೆಂಪು ದೀಪ ದಾಟಿ ಬ್ರೆಡ್ಡಿನ ವ್ಯಾನಿಗೆ ಗುದ್ದಿದ ಎಂದು ಗೊತ್ತಾದರೆ ಜನ ಬಿಡುತ್ತಾರೆಯೇ? ಅದಕ್ಕೇ ಅವನು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಲೈಸೆನ್ಸಿನ ಲೆಕ್ಕಕ್ಕೆ ಎರಡು ತಪ್ಪಿನ ಪಾಯಿಂಟು ಬಿದ್ದಿದ್ದವು. ಒಂದು ತಿಂಗಳು ಗಾಡಿ ಮುಟ್ಟಕೂಡದೆಂದು ಆಜ್ಞೆಯಾಗಿ, ಲೈಸೆನ್ಸನ್ನು ಅಂಚೆಯಲ್ಲಿ ಅಧಿಕಾರಿಗಳಿಗೆ ಕಳುಹಿಸಿಯೂ ಆಗಿತ್ತು. ಗದಗಕ್ಕೆ ತವರಿಗೆ ಹೋಗಿದ್ದ ಹೆಂಡತಿ ಕೀರ್ತಿಗೆ ಮಾತ್ರ ದಿನವೂ ಫೋನಿನಲ್ಲಿ, "ಇಲ್ಲೆ ಎಲ್ಲಾ ಆರಾಮ ಐತಿ, ನೀ ಬರೂ ದಿನ ಕಾರ್ ತಗೊಂಡ ಬರ್ತೇನಿ" ಎನ್ನುತ್ತಿದ್ದ.

ಆ ದಿನ ಬಂದೇ ಬಿಟ್ಟಿತು. ಶುಕ್ರವಾರ ಸಂಜೆ ಆರಕ್ಕೆ ಮ್ಯೂನಿಕ್‌ನಲ್ಲಿ ಅವಳ ವಿಮಾನ ಇಳಿಯುವುದಿತ್ತು. ಕಾರನ್ನು ಯಾರಿಂದಲಾದರೂ ಹಿಂದಿನ ಬೀದಿಗೆ ತಳ್ಳಿಸಿ, ಸರ್ವಿಸಿಗೆ ಹೋಗಿದೆ ಎಂದು ಹೇಳಿ ಪಾರಾಗೋಣವೆಂದು ಅವನ ಲೆಕ್ಕಾಚಾರ. ಬೆಳಿಗ್ಗೆ ಮನೆ ಗುಡಿಸುವಾಗ ಪಿಜ್ಜಾ ಜಾಹೀರಾತುಗಳ ಅಡಿಯಿಂದ ಒಂದು ಹಳದಿ ಲಕೋಟೆ ಜಾರಿ ಬಿತ್ತು. ವಾಹನ ನೋಂದಣಿ ಕಚೇರಿ, ಅಂದರೆ ಝುಲಾಸುಂಗ್ಸ್‌ಸ್ಟೆಲ್ಲೆ, ಬರೆದಿತ್ತು: ಅಪಘಾತದ ನಂತರ ನಿಮ್ಮ ಇನ್ಶೂರೆನ್ಸ್ ಕಂಪನಿ ನಿಮ್ಮನ್ನು ಕೈಬಿಟ್ಟಿದೆ. ಶುಕ್ರವಾರ ಹನ್ನೆರಡರೊಳಗೆ ಹೊಸ ಇನ್ಶೂರೆನ್ಸನ್ನು ದೃಢಪಡಿಸುವ ಇ-ವಿ-ಬಿ ನಂಬರು ಕೊಡದಿದ್ದರೆ ನಮ್ಮ ಸಿಬ್ಬಂದಿ ಬಂದು ನಂಬರ್ ಪ್ಲೇಟಿನ ಮುದ್ರೆಯನ್ನು ಕೆರೆದು ಹಾಕುತ್ತಾರೆ; ಆಮೇಲೆ ಕಾರು ನಿಂತಲ್ಲಿಂದ ಕದಲಕೂಡದು.

ಉಳವಪ್ಪ ಗಡಿಯಾರ ನೋಡಿದ. ಶುಕ್ರವಾರವೆಂದರೆ ಇವತ್ತೇ. ಮುದ್ರೆ ಕೆರೆದ ಕಾರು ಮನೆಯೆದುರೇ ನಿಂತಿರುವಾಗ ಯಾವ ಸರ್ವಿಸಿನ ಕತೆ ಹೇಳುವುದು? ಗಾಬರಿಯಲ್ಲಿ ನಾಲ್ಕು ಕಂಪನಿಗಳ ಫಾರ್ಮು ತುಂಬಿದ. ಎಲ್ಲ ಫಾರ್ಮುಗಳಲ್ಲೂ ಅದೇ ಪ್ರಶ್ನೆ: ಹಿಂದಿನ ಕಂಪನಿ ನಿಮ್ಮನ್ನು ಬಿಟ್ಟಿದೆಯೇ? ಹೌದು ಎಂದು ಒತ್ತಿದ ತಕ್ಷಣ, ಎರಡು ವಾರದಲ್ಲಿ ತಿಳಿಸುತ್ತೇವೆ ಎಂಬ ಉತ್ತರ.

ಅಷ್ಟರಲ್ಲಿ ಕೆಳಗಿನ ಮನೆಯ ಸಂತೋಷಕುಮಾರ ಕರಿಬೇವು ಕೇಳಲು ಬಂದ. ಬೇರೆಯವರ ಕಷ್ಟ ಪರಿಹರಿಸುವುದೆಂದರೆ ಅವನಿಗೆ ಊಟಕ್ಕಿಂತ ಇಷ್ಟ.

"ಯಾಕ್ರಿ ಸರ, ಮಾರಿ ಸಣ್ಣ ಆಗೇತಿ?"

ಉಳವಪ್ಪ ಎಲ್ಲ ಹೇಳಿಬಿಟ್ಟ. "ಯಾರಿಗೂ ಹೇಳಬ್ಯಾಡ್ರಿ ಮತ್ತ."

"ನಂದು ಬಾಯಿ ಅಲ್ರಿ, ಬ್ಯಾಂಕಿನ ಲಾಕರ್ ಅದು. ನಾನ ಕಾರ್ ಓಡಿಸ್ತಿದ್ದೆ, ಆದರ ಟೆಸ್ಟಿನ್ಯಾಗ ಎರಡು ಸಲ ಫೇಲ್ ಮಾಡ್ಯಾರ. ನೀವು ಮುನಿಲಕ್ಷ್ಮಮ್ಮಾರನ್ನ ಹಿಡೀರಿ."

ಕೋಲಾರದ ಕಡೆಯಿಂದ ನರ್ಸಾಗಿ ಬಂದು ನಲವತ್ತು ವರ್ಷ ಈ ದೇಶದಲ್ಲಿ ಬದುಕಿದ ಮುನಿಲಕ್ಷ್ಮಮ್ಮನವರು ಊರಿನ ಕನ್ನಡಿಗರಿಗೆಲ್ಲ ತಾಯಿಯಿದ್ದಂತೆ. ಅವರ ಇನ್ನೊಂದು ಹೆಗ್ಗಳಿಕೆಯೆಂದರೆ, ಮೂವತ್ತೆಂಟು ವರ್ಷ ಕಾರು ಓಡಿಸಿ ಒಂದೇ ಒಂದು ಅಪಘಾತ ಮಾಡಿದವರಲ್ಲ. ಹೊಸದಾಗಿ ಲೈಸೆನ್ಸ್ ಪಡೆದವರು ಅವರ ಕಾಲಿಗೆ ಬಿದ್ದೇ ಗಾಡಿ ಹತ್ತುವುದು.

ಫೋನು ಮಾಡಿದ ಅರ್ಧ ಗಂಟೆಗೆ ಆಕೆ ಬಂದರು. ಜರಿಯಂಚಿನ ಸೀರೆ, ಅದರ ಮೇಲೆ ಕೋಟು, ಕೈಯಲ್ಲಿ ಕೊಡೆ. ಬಸ್ಸಿನಿಂದಿಳಿದು ನಡೆದು ಬಂದಿದ್ದರು. ಗ್ಯಾರೇಜಿನಲ್ಲಿ ಕಾರಿದ್ದೂ ಬಸ್ಸಿನಲ್ಲಿ ಬರುವ ಈ ಸರಳತೆ ಕಂಡು ಉಳವಪ್ಪನ ಕಣ್ಣು ತೇವಗೊಂಡಿತು.

"ಗುದ್ದಿದ್ದು ಗುದ್ದಾಯ್ತು, ಅಳೋದ್ಯಾಕೆ? ಫೋನ್ ಕೊಡು ಇಲ್ಲಿ" ಎಂದವರೇ ತಮ್ಮ ಇನ್ಶೂರೆನ್ಸ್ ಏಜೆಂಟನೊಡನೆ ಜರ್ಮನ್‌ನಲ್ಲಿ ಮಾತಿಗಿಳಿದರು. ಆ ಕಡೆಯವನು ಜೋರಾಗಿ ನಗುವುದು ಉಳವಪ್ಪನಿಗೂ ಕೇಳಿಸಿತು. ಐದೇ ನಿಮಿಷ, ನಂಬರು ಬಂತು. ಇನ್ಶೂರೆನ್ಸು ಆಕೆಯ ಹೆಸರಿನಲ್ಲಿ, ಒಂದೇ ಷರತ್ತು: ಕಾರನ್ನು ಆಕೆಯೊಬ್ಬರೇ ಓಡಿಸಬೇಕು.

ಉಳವಪ್ಪ ಹಿಗ್ಗಿದ. ತಾನಂತೂ ಈ ತಿಂಗಳು ಓಡಿಸುವಂತಿಲ್ಲ. "ಅಮ್ಮಾರ, ಸಂಜೀಕ ಏರ್‌ಪೋರ್ಟಿಗೂ ಬರ್ತೀರಲ್ಲ?"

"ಬರ್ದೆ ಏನಪ್ಪ! ಕೀರ್ತೀನ ನೋಡಿ ಎಷ್ಟು ದಿನ ಆಯ್ತು."

ಇಬ್ಬರೂ ಬಸ್ಸಿನಲ್ಲಿ ಕಚೇರಿಗೆ ಹೋದರು. ಹನ್ನೆರಡಕ್ಕೆ ಇನ್ನು ಹತ್ತೇ ನಿಮಿಷ. ಆಕೆಯನ್ನು ಕಂಡದ್ದೇ ಕೌಂಟರಿನ ಹೆಂಗಸು ಹೆಸರು ಹಿಡಿದು ನಮಸ್ಕರಿಸಿದಳು. ಪಕ್ಕದ ಲೈಸೆನ್ಸ್ ವಿಭಾಗದಿಂದ ಬೋಳುತಲೆಯ ಅಧಿಕಾರಿಯೊಬ್ಬ ಕೈಬೀಸಿದ. ಇಡೀ ಕಚೇರಿಗೆ ಪರಿಚಯ! ಮೂವತ್ತೆಂಟು ವರ್ಷದ ನಿಷ್ಠೆ ಎಂದರೆ ಸುಮ್ಮನೆಯೇ ಎಂದು ಉಳವಪ್ಪ ಮನಸ್ಸಿನಲ್ಲೇ ಕೈಮುಗಿದ. ನಂಬರು ಕಂಪ್ಯೂಟರಿಗೆ ಹೋಯಿತು, ಪ್ಲೇಟಿನ ಮುದ್ರೆ ಉಳಿಯಿತು.

ಮನೆಗೆ ಬಂದು ಅವನೇ ಅನ್ನ ಸಾರು ಮಾಡಿ ಆಕೆಗೆ ಬಡಿಸಿದ. ನಾಲ್ಕು ಗಂಟೆಗೆ ಹೊರಗೆ ಬಂದರೆ ಸಂತೋಷಕುಮಾರ ಕಾರಿನ ನಾಲ್ಕೂ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು ಫೋನು ಹಿಡಿದು ನಿಂತಿದ್ದ. ಉಳವಪ್ಪ ಡ್ರೈವರ್ ಸೀಟನ್ನು ಒರೆಸಿ, ಮುಂದಕ್ಕೆ ಸರಿಸಿ, ಮೇಲೊಂದು ದಿಂಬು ಇಟ್ಟ. ಎರಡೂ ಕೈಯಲ್ಲಿ ಕೀಲಿ ಒಪ್ಪಿಸಿ ಆಕೆಯ ಕಾಲು ಮುಟ್ಟಿದ. ಸಂತೋಷಕುಮಾರ ಫೋಟೊ ತೆಗೆದುಕೊಂಡು, ಕುಕ್ಕರ್ ಕೂಗಿತೆಂದು ಒಳಗೆ ಓಡಿದ.

ಮುನಿಲಕ್ಷ್ಮಮ್ಮನವರು ಕೀಲಿಯನ್ನು ತಿರುವಿ ಮುರುವಿ ನೋಡಿದರು. "ಇದು ನನಗ್ಯಾಕಪ್ಪ?"

"ನೀವ ಓಡಿಸಬೇಕಲ್ರಿ!"

"ನಾನೆಲ್ಲಿ ಓಡಿಸ್ಲಿ? ನನ್ನ ಲೈಸೆನ್ಸೂ ಅಂಚೇಲಿ ಹೋಗಿದೆ. ನನಗೂ ಒಂದು ತಿಂಗಳು. ನಿಂದೂ ನಂದೂ ಒಂದೇ ಡ್ರಾಯರ್‌ನಲ್ಲಿ ಇರ್ಬೇಕು."

ಉಳವಪ್ಪ ಕಾರಿಗೆ ಒರಗಿಕೊಂಡ. "ಮೂವತ್ತೆಂಟು ವರ್ಷ ಒಂದೂ ಆಕ್ಸಿಡೆಂಟ್ ಇಲ್ಲಂತ ಎಲ್ಲಾರೂ ಅಂತಾರಲ್ರಿ?"

"ಗುದ್ದಿಲ್ಲ ಕಣಪ್ಪ, ಬೇಗ ಹೋಗಿದ್ದೀನಿ ಅಷ್ಟೆ. ಗುದ್ದೋಕೆ ಯಾರಾದ್ರೂ ನನ್ನ ಹತ್ತಿರ ಬರ್ಬೇಕಲ್ಲ? ನೂರು ಅಂತ ಬೋರ್ಡಿತ್ತಂತೆ, ನಾನು ನೂರೈವತ್ತೆರಡರಲ್ಲಿದ್ದೆ. ಓದೋಕೆ ಟೈಮೆಲ್ಲಿತ್ತು?"

"ಇದು ಮೊದಲನೇ ಸಲ ಏನ್ರಿ?"

"ಆ ಬೋಳುತಲೆಯವನ್ನ ಕೇಳ್ಬೇಕು. ಅವನೇ ಬರೆದಿಟ್ಕೊಂಡಿರ್ತಾನೆ."

"ಮೊದಲ ಹೇಳಬಾರದೇನ್ರಿ ಅಮ್ಮಾರ?"

"ನೀನು ಕಾಲಿಗೆ ಬಿದ್ದೆ, ಊಟ ಹಾಕ್ದೆ. ಲೈಸೆನ್ಸ್ ಇದೆಯಾ ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ಹಿರಿಯರನ್ನು ಹಾಗೆಲ್ಲ ಕೇಳುವುದುಂಟೇ? ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎಪ್ಪತ್ತರ ಹೊಸ್ತಿಲಲ್ಲಿ ಜರಿ ಸೀರೆಯುಟ್ಟು ನೂರೈವತ್ತೆರಡು! ಬ್ರೇಕಿನ ಎಂಜಿನಿಯರನಾದರೂ ಒಳಗೊಳಗೇ ಭಲೇ ಎಂದುಕೊಂಡ.

ಇನ್ಶೂರೆನ್ಸಿದ್ದ ಕಾರನ್ನು ನಿಂಬೆಹಣ್ಣಿನ ಮೇಲೇ ಬಿಟ್ಟು ಇಬ್ಬರೂ ಏರ್‌ಪೋರ್ಟಿನ ಬಸ್ಸು ಹತ್ತಿದರು. ಕಾರು ಸರ್ವಿಸಿಗೆ ಹೋಗಿದೆ ಎಂದು ಕೀರ್ತಿಗೆ ಹೇಳುವುದೇ ಸರಿ ಎಂದು ಮತ್ತೆ ಮೊದಲಿನ ಸುಳ್ಳಿಗೇ ಬಂದ ಉಳವಪ್ಪ. ಅವಳು ಮನೆ ಮುಟ್ಟುವುದರೊಳಗೆ ಸಂತೋಷಕುಮಾರನಿಗೆ ಹೇಳಿ ಕಾರನ್ನು ಹಿಂದಿನ ಬೀದಿಗೆ ತಳ್ಳಿಸಿದರಾಯಿತು. "ನಾನೂ ಹೂಂ ಅಂತೀನಿ ಬಿಡು" ಎಂದರು ಮುನಿಲಕ್ಷ್ಮಮ್ಮ.

ಆಗ ಫೋನು ಗುಂಯ್ ಎಂದಿತು. ನೂರ ನಲವತ್ತು ಜನರಿರುವ ಕನ್ನಡ ಗ್ರೂಪಿನಲ್ಲಿ ಸಂತೋಷಕುಮಾರ ಫೋಟೊ ಹಾಕಿದ್ದ: ಕಾರು, ನಿಂಬೆಹಣ್ಣು, ಕಾಲು ಮುಟ್ಟುತ್ತಿರುವ ಉಳವಪ್ಪ. ಕೆಳಗೆ ಬರೆದಿದ್ದ: "ಸಿಗ್ನಲ್ ಹಾರಿಸಿ ಲೈಸೆನ್ಸ್ ಕಳಕೊಂಡ ನಮ್ಮ ಉಳವಪ್ಪ ಸರ್ ಮಾನ ಉಳಿಸಿದ ತಾಯಿ. ಈಗ ಸ್ವತಃ ಕಾರು ಓಡಿಸಿಕೊಂಡು ಏರ್‌ಪೋರ್ಟಿಗೆ. ವಿಷಯ ಗುಟ್ಟಾಗಿರಲಿ."

ಅದರ ಕೆಳಗಿನ ಮೊದಲ ಕೈಮುಗಿದ ಚಿತ್ರ, ದೋಹಾದಿಂದ ಬರುತ್ತಿದ್ದ ವಿಮಾನದ ವೈಫೈಯಲ್ಲಿ ಕೀರ್ತಿ ಹಾಕಿದ್ದು. ಅವನಿಗೆ ಬೇರೆ ಸಂದೇಶವನ್ನೂ ಕಳಿಸಿದ್ದಳು: "ನಿಮ್ಮ ಸಿಗ್ನಲ್ ಕತಿ ಮನ್ಯಾಗ ಕೂತು ಕೇಳ್ತೇನಿ. ಅಮ್ಮಾರು ಕಾರ್ ತರಾಕತ್ತಾರಲ್ಲ, ಅಷ್ಟ ಸಮಾಧಾನ. ಅವ್ವ ರೊಟ್ಟಿ, ಚಟ್ನಿಪುಡಿ ಎಲ್ಲಾ ಕಟ್ಟಿಕೊಟ್ಟಾಳ, ಐದು ಸೂಟ್‌ಕೇಸ್ ಆಗ್ಯಾವ. ಡಿಕ್ಕಿ ಖಾಲಿ ಇಡ್ರಿ."

ಉಳವಪ್ಪ ಫೋನನ್ನು ಆಕೆಗೆ ತೋರಿಸಲು ತಿರುಗಿದ. ಮುನಿಲಕ್ಷ್ಮಮ್ಮನವರು ಪಕ್ಕದಲ್ಲಿರಲಿಲ್ಲ. ಬಸ್ಸಿನ ಮುಂದೆ ಕಂಬ ಹಿಡಿದು ನಿಂತು, ಇನ್ನೂ ಸ್ವಲ್ಪ ಒತ್ತಪ್ಪ, ಎಡಗಡೆ ಜಾಗ ಖಾಲಿ ಇದೆ ಎಂದು ಡ್ರೈವರನಿಗೆ ಜರ್ಮನ್‌ನಲ್ಲಿ ಹೇಳುತ್ತಿದ್ದರು.